ಗುಂಪಿನಲ್ಲಿ ತೂಕ ಇಳಿಸುವುದು: ಸೇರುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಬಡಾವಣೆಯಲ್ಲಿ ಹದಿನಾಲ್ಕು ಹೆಂಗಸರ ಒಂದು ಗುಂಪಿದೆ. ನಾಲ್ಕು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ ಸೇರುತ್ತೇವೆ. ಅದಕ್ಕೂ ಮೊದಲು ನಾನು ದುಡ್ಡು ಕಟ್ಟಿ ಬೇರೊಂದು ಕಡೆ ಸೇರಿದ್ದೆ, ಅಲ್ಲಿಂದ ನೊಂದುಕೊಂಡು ಹೊರಬಂದೆ. ಹಾಗಾಗಿ ಎರಡೂ ಬಗೆ ನೋಡಿದ್ದೇನೆ. ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವಾಗ, ಮದುವೆ ಮನೆಯಲ್ಲಿ, ಫೋನಿನಲ್ಲಿ ಜನ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ನಾನು ಡಾಕ್ಟರ್ ಅಲ್ಲ. ಓದಿದ್ದನ್ನು, ಕಂಡಿದ್ದನ್ನು ಬರೆದಿದ್ದೇನೆ.

ತೂಕ ಇಳಿಸುವ ಗುಂಪು ಅಂದರೆ ಯಾವುದು? ವಾಟ್ಸಾಪ್ ಗ್ರೂಪೂ ಅದೇನಾ?

ಅದೂ ಒಂದು ಬಗೆ. ನಮ್ಮ ಊರುಗಳಲ್ಲಿ ಈಗ ನಾಲ್ಕೈದು ತರಹದವು ಕಾಣುತ್ತವೆ. ಬೆಳಿಗ್ಗೆ ಡಬ್ಬಿಯ ಪುಡಿ ಕಲಸಿದ ಶೇಕ್ ಕುಡಿಸುವ ಕ್ಲಬ್ಬು, ಜಿಮ್ಮಿನವರು ನಡೆಸುವ 21 ದಿನದ ಅಥವಾ 90 ದಿನದ ಚಾಲೆಂಜ್, ಮೊಬೈಲಿನಲ್ಲೇ ಕೋಚ್ ನಡೆಸುವ ಗ್ರೂಪು, ಆಸ್ಪತ್ರೆಯ ಡಯಟೀಷಿಯನ್ ನಡೆಸುವ ತರಗತಿ, ನಮ್ಮಂಥ ಅಕ್ಕಪಕ್ಕದ ಮನೆಯವರ ಗುಂಪು. ಹೆಸರು ಒಂದೇ ಆದರೂ ಒಳಗೆ ನಡೆಯುವುದು ಬೇರೆ ಬೇರೆ.

ಈ ಯೋಚನೆ ಹೊಸದೇನಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ 1948ರಲ್ಲೇ ಟಾಪ್ಸ್ ಅನ್ನುವ ಗುಂಪು ಶುರುವಾಯಿತು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜೀನ್ ನೈಡಿಚ್ ಅನ್ನುವ ಗೃಹಿಣಿ 1961ರಲ್ಲಿ ತನ್ನ ಗೆಳತಿಯರನ್ನು ಮನೆಗೆ ಕರೆದು ಕೂರಿಸಿಕೊಂಡು, ತಾನು ಕದ್ದು ಬಿಸ್ಕತ್ತು ತಿನ್ನುವುದನ್ನು ಹೇಳಿಕೊಂಡಳು. ಕೇಳಿದವರೂ ತಮ್ಮ ತಮ್ಮ ಗುಟ್ಟು ಬಿಚ್ಚಿದರು. ಅದೇ 1963ರಲ್ಲಿ ವೇಟ್ ವಾಚರ್ಸ್ ಕಂಪನಿ ಆಯಿತು. ಆ ಮೊದಲ ದಿನ ಅಲ್ಲಿ ಶೇಕ್ ಇರಲಿಲ್ಲ, ಆ್ಯಪ್ ಇರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡರು, ಅಷ್ಟೇ. ನನ್ನ ಪ್ರಕಾರ ಇವತ್ತಿಗೂ ಗುಂಪಿನಲ್ಲಿ ಕೆಲಸ ಮಾಡುವುದು ಅದೇ.

ಒಬ್ಬರೇ ಮಾಡುವುದಕ್ಕಿಂತ ಗುಂಪಿನಲ್ಲಿ ನಿಜವಾಗಿ ಜಾಸ್ತಿ ಇಳಿಯುತ್ತಾ?

ಇಳಿಯುತ್ತದೆ. ಆದರೆ ಜಾಹೀರಾತು ಹೇಳುವಷ್ಟಲ್ಲ.

ಇಂಗ್ಲೆಂಡ್, ಆಸ್ಟ್ರೇಲಿಯಾ, ಜರ್ಮನಿಯಲ್ಲಿ 772 ಜನರ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ವರ್ಷದ ಕೊನೆಗೆ, ಡಾಕ್ಟರ ಹತ್ತಿರ ಮಾಮೂಲಿ ಸಲಹೆ ಪಡೆದವರು ಸರಾಸರಿ ಎರಡೂಕಾಲು ಕೆಜಿ ಇಳಿದಿದ್ದರು. ಗುಂಪಿಗೆ ಹೋದವರು ಐದು ಕೆಜಿ.

2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಅದರಲ್ಲಿ 1267 ಜನ. ಕೆಲವರಿಗೆ ಒಂದು ಪುಸ್ತಿಕೆ ಕೊಟ್ಟರು, ಕೆಲವರನ್ನು 12 ವಾರ ಗುಂಪಿಗೆ ಕಳಿಸಿದರು, ಉಳಿದವರನ್ನು ಪೂರಾ 52 ವಾರ ಕಳಿಸಿದರು. ಒಂದು ವರ್ಷಕ್ಕೆ ಪುಸ್ತಿಕೆಯವರು 3.3 ಕೆಜಿ, 12 ವಾರದವರು 4.8 ಕೆಜಿ, 52 ವಾರದವರು 6.8 ಕೆಜಿ ಇಳಿದಿದ್ದರು. ಎರಡನೇ ವರ್ಷದ ಕೊನೆಗೆ ನೋಡಿದರೆ ಮೂರೂ ಬಗೆಯವರಲ್ಲೂ ಒಂದಿಷ್ಟು ವಾಪಸ್ ಬಂದಿತ್ತು. ಇಳಿದು ಉಳಿದದ್ದು 2.3, 3 ಮತ್ತು 4.3 ಕೆಜಿ.

ಈ ಅಂಕಿಗಳನ್ನು ಎರಡು ಸಲ ಓದಿ. ಎಷ್ಟು ದಿನ ಗುಂಪಿನ ಜೊತೆ ಇದ್ದರೋ ಅದರ ಮೇಲೆ ಫಲ ನಿಂತಿದೆ. ಪೂರಾ ಒಂದು ವರ್ಷ ಹೋದವರಿಗೂ ಸರಾಸರಿ ಏಳು ಕೆಜಿ ಮುಟ್ಟಿಲ್ಲ. ಹಾಗಿರುವಾಗ ಯಾರಾದರೂ "ತಿಂಗಳಿಗೆ ಹತ್ತು ಕೆಜಿ ಗ್ಯಾರಂಟಿ" ಅಂದರೆ ಹೇಗೆ ನಂಬುವುದು?

ನಮ್ಮ ಕಡೆಯದೂ ಒಂದಿದೆ. ಚೆನ್ನೈಯಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 578 ಜನರ ಮೇಲೆ ನಡೆದ ಡಿ-ಕ್ಲಿಪ್ ಅಧ್ಯಯನ. ಒಂದು ಭಾಗದವರಿಗೆ ಊಟ, ವ್ಯಾಯಾಮದ ಬಗ್ಗೆ ಗುಂಪಿನಲ್ಲಿ ಪಾಠ ನಡೆಯಿತು, ಬೇಕಾದವರಿಗೆ ಮಾತ್ರೆಯನ್ನೂ ಕೊಟ್ಟರು. ಮೂರು ವರ್ಷದಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇಕಡಾ 32ರಷ್ಟು ಕಡಿಮೆಯಾಗಿತ್ತು. ಅನ್ನ ಸಾಂಬಾರು ತಿನ್ನುವ ನಮ್ಮಂಥವರ ನಡುವೆಯೇ ಇದು ಆಗಿದೆ.

ನನಗೆ ತೂಕ ಜಾಸ್ತಿ ಇದೆ ಅಂತ ಹೇಗೆ ಗೊತ್ತಾಗಬೇಕು?

ಕೆಜಿ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. ನಮ್ಮ ದೇಶದವರಿಗೆ ಅದು 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಪಾಶ್ಚಾತ್ಯರ ಲೆಕ್ಕಕ್ಕಿಂತ ಇದು ಕಡಿಮೆ, ಏಕೆಂದರೆ ನಮಗೆ ಹೊಟ್ಟೆಯ ಸುತ್ತ ಬೇಗ ಕೊಬ್ಬು ಸೇರುತ್ತದೆ. ಒಂದು ಟೇಪು ತಗೊಂಡು ಸೊಂಟದ ಸುತ್ತಳತೆ ನೋಡಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಗಮನ ಕೊಡಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಜನರ ಬಿಎಂಐ 25 ಅಥವಾ ಅದಕ್ಕಿಂತ ಜಾಸ್ತಿ ಇದೆ. ನೀವು ಒಂಟಿಯಲ್ಲ.

ಗುಂಪಿನಿಂದ ಆಗುವ ದೊಡ್ಡ ಲಾಭ ಏನು?

ಶನಿವಾರ. ಹಾಗೆ ಹೇಳಿದರೆ ಜನ ನಗುತ್ತಾರೆ, ಆದರೆ ನಾನು ಮನಸಾರೆ ಹೇಳುತ್ತಿದ್ದೇನೆ. ವಾರಕ್ಕೊಂದು ದಿನ, ಒಂದು ಹೊತ್ತು, ಕಾಯುವ ನಾಲ್ಕು ಜನ. ಗುರುವಾರ ಸಂಜೆ ಬೇಕರಿ ಮುಂದೆ ಕಾಲು ನಿಂತರೆ ಶನಿವಾರ ನೆನಪಾಗುತ್ತದೆ. ಡಯಟ್ ಚಾರ್ಟ್ ಬರೆದ ಕಾಗದಕ್ಕೆ ಆ ಶಕ್ತಿ ಇಲ್ಲ.

ಎರಡನೆಯದು, ಅಡುಗೆಮನೆಯ ಸಣ್ಣ ಸಣ್ಣ ಉಪಾಯಗಳು. ನಮ್ಮಲ್ಲೊಬ್ಬರು ಒಗ್ಗರಣೆಗೆ ಎಣ್ಣೆಯನ್ನು ಡಬ್ಬಿಯಿಂದ ಸುರಿಯುವುದು ಬಿಟ್ಟು ಚಮಚದಲ್ಲಿ ಹಾಕುವುದು ಶುರು ಮಾಡಿದರು. ಇನ್ನೊಬ್ಬರು ಮೊದಲು ಕೋಸಂಬರಿ, ಪಲ್ಯ ಬಡಿಸಿಕೊಂಡು ಆಮೇಲೆ ಅನ್ನ ಹಾಕಿಕೊಳ್ಳುವ ರೂಢಿ ಮಾಡಿಕೊಂಡರು. ಡಾಕ್ಟರು ಹೇಳದ ಇಂಥವು ಪಕ್ಕದ ಮನೆಯವರಿಂದ ಸಿಗುತ್ತವೆ.

ಮೂರನೆಯದು ಹೆಂಗಸರಿಗೆ ಸಂಬಂಧಿಸಿದ್ದು. ಎಲ್ಲರದ್ದೂ ಊಟ ಆದ ಮೇಲೆ ಪಾತ್ರೆ ತಳದಲ್ಲಿ ಮಿಕ್ಕ ಅನ್ನ, ಮಗ ಬಿಟ್ಟ ಅರ್ಧ ದೋಸೆ, ಹಾಳಾಗಬಾರದು ಅಂತ ನಾವೇ ತಿನ್ನುತ್ತೇವೆ. ನನ್ನ ಮನೆಯಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದೆ. ಗುಂಪಿನಲ್ಲಿ ಒಂದು ದಿನ ಆ ಮಾತು ಬಂತು ನೋಡಿ, ಹದಿನಾಲ್ಕರಲ್ಲಿ ಹನ್ನೊಂದು ಜನ ಕೈ ಎತ್ತಿದರು. ಆವತ್ತು ನನ್ನ ಎದೆ ಹಗುರಾಯಿತು. ಮಾರನೇ ದಿನದಿಂದ ಅಕ್ಕಿ ಅಳೆಯುವ ಪಾವಿನಲ್ಲೇ ಕಾಲು ಭಾಗ ಕಡಿಮೆ ಮಾಡಿದೆ.

ಹಾಗಾದರೆ ತೊಂದರೆ ಏನು?

ಅದೇ ನಾಲ್ಕು ಜನರ ಕಣ್ಣು. ಗುಂಪಿಗೆ ಬಲ ಬರುವುದು ಎಲ್ಲಿಂದಲೋ, ನೋವು ಬರುವುದೂ ಅಲ್ಲಿಂದಲೇ.

ನಾನು ಮೊದಲು ಸೇರಿದ್ದ ಕಡೆ ಗೋಡೆ ಮೇಲೆ ಬಿಳಿ ಬೋರ್ಡ್ ಇತ್ತು. ಎಲ್ಲರ ಹೆಸರು, ಎದುರಿಗೆ ಆ ವಾರದ ತೂಕ. ಇಳಿದವರಿಗೆ ಹಸಿರು ಪೆನ್ನು, ಏರಿದವರಿಗೆ ಕೆಂಪು. ಯುಗಾದಿ ಆದ ವಾರ ನಾನು ಯಂತ್ರದ ಮೇಲೆ ನಿಂತೆ. ನಿಲ್ಲುವ ಮೊದಲು ಬಳೆ ಬಿಚ್ಚಿಟ್ಟಿದ್ದೆ, ವಾಚು ಬಿಚ್ಚಿಟ್ಟಿದ್ದೆ. 800 ಗ್ರಾಂ ಏರಿತ್ತು. ನಡೆಸುವವರು ಗಟ್ಟಿಯಾಗಿ ಓದಿ, "ಎಷ್ಟು ಒಬ್ಬಟ್ಟು ತಿಂದ್ರಿ ಮೇಡಂ?" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಆಮೇಲೆ ಮೂರು ವಾರ ಹೋಗಲಿಲ್ಲ. ಆ ಮೂರು ವಾರದಲ್ಲಿ ಇನ್ನೂ ಎರಡು ಕೆಜಿ ಏರಿತು.

ತೂಕ ಏರಿದ ವಾರದಲ್ಲೇ ಗುಂಪು ಬೇಕಾಗುವುದು. ಹೋಗಲು ಮನಸ್ಸು ಹಿಂಜರಿಯುವುದೂ ಅದೇ ವಾರ. ಆ ವಾರ ನಿಮ್ಮನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಅನ್ನುವುದರ ಮೇಲೆ ನಾನು ಗುಂಪನ್ನು ಅಳೆಯುತ್ತೇನೆ. ಫೀಸು, ಜಾಗ, ಟ್ರೈನರ್ ಎಲ್ಲ ಆಮೇಲೆ. ಈಗಿನ ನಮ್ಮ ಗುಂಪಿನಲ್ಲಿ ಯಂತ್ರ ಒಳಕೋಣೆಯಲ್ಲಿದೆ. ಒಬ್ಬೊಬ್ಬರೇ ಹೋಗಿ ನಿಂತು, ತಮ್ಮ ನೋಟ್‌ಬುಕ್ಕಿನಲ್ಲಿ ತಾವೇ ಬರೆದುಕೊಳ್ಳುತ್ತಾರೆ. ಹೇಳಬೇಕು ಅನ್ನಿಸಿದರೆ ಹೇಳುತ್ತಾರೆ, ಇಲ್ಲದಿದ್ದರೆ ಇಲ್ಲ.

ಬೇರೆ ತೊಂದರೆಗಳೂ ಇವೆ. ಎಲ್ಲರಿಗೂ ಒಂದೇ ಚಾರ್ಟ್ ಕೊಡುವುದು. ಇಪ್ಪತ್ತೈದರ ಹುಡುಗಿಗೂ, ಮಂಡಿ ನೋವಿನ ಅರವತ್ತರ ಅಜ್ಜಿಗೂ ಒಂದೇ ಜಂಪಿಂಗ್ ಕಸರತ್ತು. ಪಕ್ಕದವರು ಮೂರು ಕೆಜಿ ಇಳಿದರೆ ನಾವು ಒಂದೇ ಇಳಿದೆವಲ್ಲ ಅಂತ ಕೊರಗುವುದು. ಬಹುಮಾನವಿರುವ ಚಾಲೆಂಜ್‌ಗಳಲ್ಲಿ ಕೊನೇ ಎರಡು ದಿನ ನೀರು ಸಹ ಕುಡಿಯದೆ ತೂಕ ನೋಡಿಸುವವರಿದ್ದಾರೆ. ಅದು ಅಪಾಯ.

ಒಂದು ವಾರಕ್ಕೆ ಮೂರು ಕೆಜಿ ಇಳಿದೆ ಅಂತ ನನ್ನ ಗೆಳತಿ ಹೇಳುತ್ತಾಳೆ. ಸುಳ್ಳಾ?

ಸುಳ್ಳಲ್ಲ, ಆದರೆ ಅದರಲ್ಲಿ ಹೆಚ್ಚಿನದು ನೀರು. ಅನ್ನ, ಸಿಹಿ ಒಮ್ಮೆಲೇ ಕಡಿಮೆ ಮಾಡಿದರೆ ದೇಹ ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಕರಗುತ್ತದೆ, ಅದು ಹಿಡಿದಿಟ್ಟುಕೊಂಡ ನೀರೂ ಹೊರಗೆ ಹೋಗುತ್ತದೆ. ಮತ್ತೆ ಮಾಮೂಲಿ ಊಟ ಮಾಡಿದ ಎರಡು ದಿನಕ್ಕೆ ಅದು ವಾಪಸ್.

ವಾರಕ್ಕೆ ಅರ್ಧದಿಂದ ಒಂದು ಕೆಜಿ ಸಾಕು. ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಇಳಿಯುತ್ತಾ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ. 80 ಕೆಜಿ ಇರುವವರು 4 ಕೆಜಿ, ಅಂದರೆ ಶೇಕಡಾ 5ರಷ್ಟು ಇಳಿದರೂ ಬಿಪಿ, ಶುಗರ್‌ನಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಆ ನಾಲ್ಕು ಕೆಜಿಯನ್ನು ಯಾರೂ ಸಣ್ಣದು ಅನ್ನಬಾರದು.

ಇನ್ನೊಂದು ಮಾತು. ಬೊಜ್ಜು ಗುಣಪಡಿಸುವ ಔಷಧಿ ಅಂತ ಜಾಹೀರಾತು ಹಾಕುವುದು ನಮ್ಮ ದೇಶದಲ್ಲಿ 1954ರ ಕಾನೂನಿನ ಪ್ರಕಾರ ತಪ್ಪು. ಆಟೋ ಹಿಂದೆ, ಕಂಬದ ಮೇಲೆ ಅಂಟಿಸಿದ ಚೀಟಿ ನೋಡಿದಾಗ ಇದು ನೆನಪಿರಲಿ.

ಶೇಕ್ ಕ್ಲಬ್ಬಿಗೆ ಸೇರಬಹುದಾ?

ಕ್ಲಬ್ಬಿನಲ್ಲಿ ಪ್ರೀತಿಯಿಂದ ಮಾತಾಡಿಸುತ್ತಾರೆ, ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಆಗುತ್ತದೆ. ಅದು ಒಳ್ಳೆಯದೇ. ಒಂದು ಹೊತ್ತಿನ ಊಟದ ಬದಲು ಶೇಕ್ ಕುಡಿದರೆ ತೂಕವೂ ಇಳಿಯುತ್ತದೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಡಬ್ಬಿ ಖಾಲಿಯಾದ ಮೇಲೆ ಏನು? ಅಲ್ಲಿ ಕಲಿತದ್ದು ಪುಡಿ ಕಲಸುವುದು. ಮನೆಯ ಉಪ್ಪಿಟ್ಟು, ಚಿತ್ರಾನ್ನ, ಮುದ್ದೆ, ಸಾರಿನ ಜೊತೆ ಬದುಕುವುದನ್ನು ಕಲಿಯಲಿಲ್ಲ.

ಕೆಲವು ಕಡೆ ಎರಡು ತಿಂಗಳಾದ ಮೇಲೆ "ನೀವೂ ಕೋಚ್ ಆಗಿ, ಡಬ್ಬಿ ಮಾರಿ, ಹತ್ತು ಜನರನ್ನು ಸೇರಿಸಿ" ಅನ್ನುತ್ತಾರೆ. ಆಗ ಹುಷಾರಾಗಿ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ವ್ಯವಹಾರವನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ತೂಕ ಇಳಿಸಲು ಬಂದವರು ಸಾಲ ಮಾಡಿ ಡಬ್ಬಿ ಕೊಳ್ಳುವಂತಾಗಬಾರದು.

ಡಬ್ಬಿ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಅದು ಇದ್ದ ಮಾತ್ರಕ್ಕೆ ತೂಕ ಇಳಿಯುತ್ತದೆ ಅಂತಲ್ಲ, ಅದಿಲ್ಲದ್ದನ್ನಂತೂ ಮುಟ್ಟಬೇಡಿ. "ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತ್ರೆಗಳ ಬಗ್ಗೆಯೂ ಎಚ್ಚರ. ನಮ್ಮ ಮಲೆನಾಡಿನ ಉಪ್ಪಾಗೆ ಹುಳಿಯನ್ನು ಸಾರಿಗೆ ಹಾಕಿ ಉಂಡರೆ ಏನೂ ಆಗದು. ಅದೇ ಹಣ್ಣಿನ ಸಾರವನ್ನು ಗಟ್ಟಿ ಮಾಡಿ ಗಾರ್ಸಿನಿಯಾ ಅಂತ ತೂಕ ಇಳಿಸುವ ಮಾತ್ರೆಗೆ ತುಂಬುತ್ತಾರೆ. ಅಂಥ ಮಾತ್ರೆ ನುಂಗಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ.

ಅನ್ನ ಬಿಡಲೇಬೇಕಾ? ಹಬ್ಬ ಬಂದರೆ ಏನು ಮಾಡುವುದು?

ಬಿಡಬೇಕಿಲ್ಲ. ಅನ್ನ ಪೂರ್ತಿ ಬಿಡಿಸುವ ಗುಂಪಿನಲ್ಲಿ ಎಷ್ಟು ದಿನ ಇರುತ್ತೀರಿ? ಮುದ್ದೆ ತಿಂದರೆ ಎಷ್ಟು ತಿಂದರೂ ತೂಕ ಏರಲ್ಲ ಅನ್ನುವುದೂ ಸರಿಯಲ್ಲ. ದೊಡ್ಡ ಮುದ್ದೆ ಎರಡು ಹಾಕಿಕೊಂಡರೆ ಅದೂ ಜಾಸ್ತಿಯೇ.

ನಾವು ಮೊದಲು ಹಿಡಿದದ್ದು ಎಣ್ಣೆಯನ್ನು. ಇದನ್ನು ಇವತ್ತೇ ಮನೆಯಲ್ಲಿ ಮಾಡಿ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತದೆ ಅಂದುಕೊಳ್ಳಿ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಲೆಕ್ಕ ಹಾಕಿದರೆ ಒಬ್ಬರಿಗೆ ದಿನಕ್ಕೆ 38 ಗ್ರಾಂ, ಅಂದರೆ ಎಣ್ಣೆಯಿಂದಲೇ 340 ಕ್ಯಾಲೊರಿ. ಮೂರು ಲೀಟರ್‌ಗೆ ಇಳಿಸಿದರೆ ಒಬ್ಬರಿಗೆ 23 ಗ್ರಾಂ, ಸುಮಾರು 205 ಕ್ಯಾಲೊರಿ. ಯಾರೂ ಹಸಿದುಕೊಂಡು ಇರಲಿಲ್ಲ, ಅನ್ನ ಬಿಡಲಿಲ್ಲ, ಆದರೂ ಪ್ರತಿಯೊಬ್ಬರಿಗೂ ದಿನಕ್ಕೆ 135 ಕ್ಯಾಲೊರಿ ಕಡಿಮೆ ಆಯಿತು. ಬಾಟಲಿ ತಂದ ದಿನವೇ ಅದರ ಮೇಲೆ ತಾರೀಖು ಬರೆದು, ಹತ್ತು ದಿನಕ್ಕೆ ಎಲ್ಲಿಗೆ ಇಳಿಯಬೇಕೋ ಅಲ್ಲಿಗೊಂದು ಗೆರೆ ಎಳೆಯಿರಿ. ನಮ್ಮ ಗುಂಪಿನ ಎಲ್ಲರ ಮನೆಯ ಬಾಟಲಿ ಮೇಲೂ ಈ ಗೆರೆ ಇದೆ.

ಹಬ್ಬಕ್ಕೆ ಹೋಳಿಗೆ ತಿನ್ನಿ. ಹಬ್ಬ ಒಂದು ದಿನ. ಮಿಕ್ಕ ಹೋಳಿಗೆಯನ್ನು ನಾಲ್ಕು ದಿನ ಕಾಫಿ ಜೊತೆ ತಿನ್ನುವುದರಿಂದ ಏರುವುದು. ಮಾಡುವಾಗಲೇ ಕಡಿಮೆ ಮಾಡಿ, ಉಳಿದರೆ ಹಂಚಿಬಿಡಿ.

ಯಾರು ಡಾಕ್ಟರನ್ನು ಕೇಳದೆ ಸೇರಬಾರದು?

ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಮೊದಲಿಗರು. ಊಟ ಕಡಿಮೆ ಮಾಡಿ ಮಾತ್ರೆ ಹಾಗೇ ನುಂಗಿದರೆ ಶುಗರ್ ಕುಸಿದು ತಲೆ ಸುತ್ತಿ ಬೀಳಬಹುದು. ಬಿಪಿ ಮಾತ್ರೆಯವರು, ಕಿಡ್ನಿ, ಹೃದಯದ ತೊಂದರೆ ಇರುವವರು, ಬಸುರಿಯರು, ಹಾಲುಣಿಸುವ ತಾಯಂದಿರು ಕೂಡ. ಮಕ್ಕಳನ್ನು ಇಂಥ ದೊಡ್ಡವರ ಗುಂಪಿಗೆ ಸೇರಿಸಲೇಬೇಡಿ. ತಿಂದದ್ದನ್ನು ವಾಂತಿ ಮಾಡುವ, ದಿನಗಟ್ಟಲೆ ಉಪವಾಸ ಇರುವ ಅಭ್ಯಾಸ ಹಿಂದೆ ಇದ್ದವರಿಗೆ ವಾರವಾರದ ತೂಕವೇ ವಿಷವಾಗಬಹುದು. ಅವರಿಗೆ ಮನೋವೈದ್ಯರ ಸಹಾಯ ಬೇಕು, ನಾಚಿಕೆ ಪಡುವಂಥದ್ದಲ್ಲ.

ಫೀಸು ಎಷ್ಟು ಕೊಡಬಹುದು?

ಒಂದು ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟಬೇಡಿ, "ಇವತ್ತೇ ಕಟ್ಟಿದರೆ ಅರ್ಧ ರೇಟು" ಅಂದರೂ ಸಹ. ತಿಂಗಳು ತಿಂಗಳು ಕಟ್ಟಿ. ನಡುವೆ ಬಿಟ್ಟರೆ ವಾಪಸ್ ಕೊಡುತ್ತಾರಾ ಅಂತ ಕೇಳಿ, ಬರೆದು ಕೊಡಿ ಅನ್ನಿ. ಸೇರುವ ಮೊದಲು ಒಂದು ದಿನ ಸುಮ್ನೆ ಕೂತು ನೋಡಲು ಬಿಡದಿದ್ದರೆ ಅಲ್ಲಿಗೆ ಹೋಗಬೇಡಿ.

ಆನ್‌ಲೈನ್ ಗ್ರೂಪ್ ಸಾಕಾಗಲ್ವಾ?

ದುಬೈಯಲ್ಲೋ ಡಲ್ಲಾಸ್‌ನಲ್ಲೋ ಒಬ್ಬರೇ ಇರುವ ಕನ್ನಡದವರಿಗೆ, ಕೈಕೂಸು ಇರುವವರಿಗೆ ಅದೇ ಆಸರೆ. ನನ್ನ ತಂಗಿ ಹಾಗೇ ಮಾಡುತ್ತಾಳೆ. ಆದರೆ ಮೊಬೈಲಿನಲ್ಲಿ ಮಾಯವಾಗುವುದು ಸುಲಭ, ಯಾರೂ ಮನೆ ಬಾಗಿಲು ತಟ್ಟಲ್ಲ. ಗ್ರೂಪಿನಲ್ಲಿ ಇನ್ನೂರು ಜನ ಇದ್ದರೆ ನೀವು ಬರದಿದ್ದದ್ದು ಯಾರಿಗೂ ಗೊತ್ತಾಗಲ್ಲ. ಹತ್ತು ಹದಿನೈದು ಜನರ ಗ್ರೂಪು, ವಾರಕ್ಕೊಮ್ಮೆ ವಿಡಿಯೊ ಕಾಲ್, ಹೀಗಿದ್ದರೆ ಚೆನ್ನ. ತೂಕ ಇಳಿಯುವ ಮೊದಲಿನ ಮತ್ತು ಆಮೇಲಿನ ಫೋಟೊ ಕೇಳಿದರೆ ಕೊಡಬೇಡಿ. ಅದು ಎಲ್ಲೆಲ್ಲಿಗೆ ಹೋಗುತ್ತದೆ ಹೇಳಲಾಗದು.

ಈಗ ಇಂಜೆಕ್ಷನ್ ಬಂದಿದೆಯಲ್ಲ, ಗುಂಪು ಯಾಕೆ?

ಮೌಂಜಾರೊ ಅನ್ನುವ ಇಂಜೆಕ್ಷನ್ 2025ರ ಮಾರ್ಚ್‌ನಲ್ಲಿ, ವೆಗೊವಿ ಅನ್ನುವುದು ಜೂನ್‌ನಲ್ಲಿ ಭಾರತಕ್ಕೆ ಬಂದವು. ತೂಕ ಚೆನ್ನಾಗಿಯೇ ಇಳಿಸುತ್ತವೆ. ಅಮೆರಿಕದಲ್ಲಿ ಮೊದಲೇ ಬಂದಿದ್ದ ಇಂಥ ಇಂಜೆಕ್ಷನ್‌ಗಳು ಮತ್ತು ಸಾಲದ ಹೊರೆ ಸೇರಿ, ನಾನು ಮೇಲೆ ಹೇಳಿದ ವೇಟ್ ವಾಚರ್ಸ್ ಕಂಪನಿಯೇ 2025ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಡಾಕ್ಟರು ಬೇಕು ಅಂದವರಿಗೆ ಇಂಜೆಕ್ಷನ್ ಬೇಕು, ಅದು ಸೋಲಲ್ಲ. ಆದರೆ ವೆಗೊವಿಯಲ್ಲಿರುವ ಔಷಧಿಯ ಅಧ್ಯಯನದಲ್ಲಿ, ಅದನ್ನು ನಿಲ್ಲಿಸಿದವರಿಗೆ ಇಳಿದ ತೂಕದ ಮೂರರಲ್ಲಿ ಎರಡು ಭಾಗ ಒಂದು ವರ್ಷದಲ್ಲೇ ವಾಪಸ್ ಬಂತು. ನಮ್ಮಲ್ಲಿ ಒಬ್ಬರು ಇಂಜೆಕ್ಷನ್ ತಗೊಳ್ಳುತ್ತಾ ಗುಂಪಿಗೂ ಬರುತ್ತಾರೆ. ಹಸಿವೇ ಇಲ್ಲ ಅಂತ ಊಟ ಬಿಡಬೇಡಿ, ಬೇಳೆ, ಮೊಟ್ಟೆ, ಮೊಸರು ತಿನ್ನಿ ಅಂತ ಅವರಿಗೆ ನೆನಪಿಸುವುದು ನಮ್ಮ ಕೆಲಸ.

ಗುಂಪು ಬಿಟ್ಟ ಮೇಲೆ ಎಲ್ಲ ವಾಪಸ್ ಬಂತು. ಮತ್ತೆ ಹೋಗಲು ನಾಚಿಕೆ.

ಹೋಗಿ. ತೂಕ ಇಳಿದ ಮೇಲೆ ದೇಹ ಹಸಿವು ಹೆಚ್ಚು ಮಾಡಿ, ಕ್ಯಾಲೊರಿ ಖರ್ಚು ಕಡಿಮೆ ಮಾಡಿ ಹಳೇ ತೂಕಕ್ಕೆ ಎಳೆಯುತ್ತದೆ. ಇದು ನಿಮ್ಮ ಸೋಮಾರಿತನ ಅಲ್ಲ. ಅದಕ್ಕೇ ಇಳಿದ ಮೇಲೂ ಗುಂಪು ಬೇಕು, ವಾರಕ್ಕೊಮ್ಮೆ ಅಲ್ಲದಿದ್ದರೆ ತಿಂಗಳಿಗೊಮ್ಮೆ. ನಮ್ಮಲ್ಲೊಬ್ಬರು ಅತ್ತೆಯ ಕಾಯಿಲೆಯಲ್ಲಿ ಎಂಟು ತಿಂಗಳು ಬರಲಿಲ್ಲ. ಆರು ಕೆಜಿ ಏರಿಸಿಕೊಂಡು ಒಂದು ಶನಿವಾರ ಗೇಟಿನ ಹೊರಗೆ ನಿಂತಿದ್ದರು. ಒಳಗಿದ್ದವರು ಎದ್ದು ಹೋಗಿ ಕೈ ಹಿಡಿದು ಕರೆತಂದರು. ಆವತ್ತು ಯಾರೂ ತೂಕ ನೋಡಲಿಲ್ಲ, ಅತ್ತೆಯವರು ಹೇಗಿದ್ದಾರೆ ಅಂತ ಕೇಳಿದೆವು.

ನಮ್ಮ ಊರಲ್ಲಿ ಒಳ್ಳೆ ಗುಂಪೇ ಇಲ್ಲ. ನಾವೇ ಶುರು ಮಾಡಬಹುದಾ?

ಖಂಡಿತ. ಐದು ಜನ ಸಾಕು. ಒಂದು ಡಿಜಿಟಲ್ ತೂಕದ ಯಂತ್ರ, ಒಂದು ಟೈಲರ್ ಟೇಪು, ತಲೆಗೊಂದು ನೋಟ್‌ಬುಕ್. ಮೊದಲ ವಾರವೇ ಎಲ್ಲರೂ ಬಿಪಿ, ಶುಗರ್ ಪರೀಕ್ಷೆ ಮಾಡಿಸಿಕೊಳ್ಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇವನ್ನು ನೋಡುತ್ತಾರೆ. ಮೂರು ತಿಂಗಳಿಗೊಮ್ಮೆ ಡಯಟೀಷಿಯನ್ ಒಬ್ಬರನ್ನು ಕರೆಸಿ, ಖರ್ಚು ಹಂಚಿಕೊಳ್ಳಿ.

ನಮ್ಮ ಸಭೆ ಒಂದು ಗಂಟೆ. ಮೊದಲು ತೂಕ, ಆಮೇಲೆ ಅರ್ಧ ಗಂಟೆ ಒಟ್ಟಿಗೆ ನಡಿಗೆ, ಆಮೇಲೆ ಮಾತು. ಪ್ರತಿಯೊಬ್ಬರೂ ಮುಂದಿನ ವಾರಕ್ಕೆ ಒಂದೇ ಒಂದು ಬದಲಾವಣೆ ಹೇಳಬೇಕು, ಅದೂ ಮಾಡಲಾಗುವಂಥದ್ದು: "ಸಂಜೆ ಕಾಫಿಗೆ ಅರ್ಧ ಚಮಚ ಸಕ್ಕರೆ," "ಮಂಗಳವಾರ ಬಸ್ಸು ಒಂದು ಸ್ಟಾಪ್ ಮೊದಲೇ ಇಳಿಯುತ್ತೇನೆ." ಕುಡಿಯಲು ಉಪ್ಪು ಕಡಿಮೆ ಹಾಕಿದ ನೀರು ಮಜ್ಜಿಗೆ. ತಿಂಡಿ ತರುವ ಹಾಗಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಎರಡನೇ ವಾರಕ್ಕೇ ಯಾರೋ ಪ್ರೀತಿಯಿಂದ ಕೋಡುಬಳೆ ಕಟ್ಟಿಕೊಂಡು ಬರುತ್ತಾರೆ. ಯಂತ್ರವನ್ನು ಒಳಕೋಣೆಯಲ್ಲೇ ಇಡಿ, ಬಾಗಿಲಿಗೊಂದು ಪರದೆ ಹಾಕಿ.